ಒತ್ತಡವಿರುವ ತೈಲಬಾವಿಗೆ ತಂತಿ ಇಳಿಸುವಾಗ ಬಾವಿಯನ್ನು ತಡೆದು ನಿಲ್ಲಿಸುವುದು ಯಾವುದು?

ಪ್ರಶ್ನೆ: ನಾನು ಜಮಖಂಡಿಯವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಸಕ್ಕರೆ ಕಾರ್ಖಾನೆಯೊಂದರಲ್ಲಿ ಪಂಪುಗಳ ದುರಸ್ತಿ ನೋಡಿಕೊಳ್ಳುತ್ತಿದ್ದೆ. ಮೂರು ತಿಂಗಳ ಹಿಂದೆ ಗುಜರಾತಿನ ಅಂಕಲೇಶ್ವರದಲ್ಲಿ, ತಂತಿಯ ತುದಿಗೆ ಸಲಕರಣೆ ಕಟ್ಟಿ ತೈಲಬಾವಿಗೆ ಇಳಿಸುವ ವೈರ್‌ಲೈನ್ ತಂಡವೊಂದಕ್ಕೆ ಸಹಾಯಕನಾಗಿ ಸೇರಿದ್ದೇನೆ. ಬಾವಿಯ ಬಾಯಲ್ಲಿ ಅಷ್ಟೊಂದು ಒತ್ತಡ ಇರುವಾಗಲೇ ಮೇಲಿನಿಂದ ತಂತಿ ಇಳಿಸುತ್ತಾರೆ. ತಂತಿ ಹೋಗುವ ತೂತನ್ನು ಮುಚ್ಚಿರುವುದು ಸ್ಟಫಿಂಗ್ ಬಾಕ್ಸಿನೊಳಗಿನ ಒಂದಿಷ್ಟು ರಬ್ಬರು ಮಾತ್ರ. ಅದರ ಮೇಲೆ ಎಷ್ಟು ನಂಬಿಕೆ ಇಡಬಹುದು? ಇನ್ನೊಂದು ಮಾತು, ವಾಲ್ವ್ ತಿರುಗಿಸುವಾಗ ಸುತ್ತುಗಳನ್ನು ಗಟ್ಟಿಯಾಗಿ ಎಣಿಸಬೇಕೆಂದು ನಮ್ಮ ಆಪರೇಟರ್ ಹಟ ಹಿಡಿಯುತ್ತಾರೆ. ಅದು ಯಾಕೆ?

ಉತ್ತರ: ಆ ರಬ್ಬರಿನ ಮೇಲೆ ನಿಮಗೆ ಅನುಮಾನ ಬಂದದ್ದು ಸರಿಯಾಗಿಯೇ ಇದೆ. ಅದನ್ನು ಮಾತ್ರ ನಂಬಿ ಈ ಕೆಲಸವನ್ನು ಯಾರೂ ಮಾಡುವುದಿಲ್ಲ, ಮಾಡಲೂ ಬಾರದು. ಚಲಿಸುವ ತಂತಿಯ ಸುತ್ತ ಕೂತ ಯಾವ ಮುಚ್ಚಿಗೆಯೂ ಇಂದಲ್ಲ ನಾಳೆ ಸೋರಿಯೇ ಸೋರುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಸೋರಿದಾಗ ಅದರ ಕೆಳಗೆ ಮುಚ್ಚಲು ಇನ್ನೇನಿದೆ ಎಂಬುದನ್ನು ಸಿದ್ಧವಾಗಿಟ್ಟುಕೊಂಡು ಇಡೀ ಸಲಕರಣೆಯನ್ನು ಜೋಡಿಸಲಾಗಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸದಲ್ಲಿದ್ದು ಈಗ ಬೆಳಗಾವಿಯಲ್ಲಿ ನೆಲೆಸಿರುವ ನಾನು ಹೊಸಬರಿಗೆ ಮೊದಲು ಹೇಳುತ್ತಿದ್ದ ಮಾತೂ ಇದೇ.

ನಿಮ್ಮ ಕಾರ್ಖಾನೆಯ ಪಂಪನ್ನೇ ನೆನಪಿಸಿಕೊಳ್ಳಿ. ಶಾಫ್ಟಿನ ಸುತ್ತ ಪ್ಯಾಕಿಂಗನ್ನು ಒತ್ತಿ ಹಿಡಿಯುವ ಗ್ಲ್ಯಾಂಡನ್ನು ಪೂರ್ತಿ ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ಗೀರಿಹೋಗುತ್ತದೆ, ಆದ್ದರಿಂದ ಹನಿಹನಿಯಾಗಿ ನೀರು ಬೀಳುವಷ್ಟು ಸಡಿಲ ಬಿಡುತ್ತೀರಿ. ಸ್ಟಫಿಂಗ್ ಬಾಕ್ಸಿನ ನ್ಯಾಯವೂ ಅದೇ. ಒಳಗೆ ಒಂದರ ಮೇಲೊಂದು ರಬ್ಬರ್ ಬಿಲ್ಲೆಗಳಿರುತ್ತವೆ. ಅವುಗಳ ನಡುವಿನ ಸಣ್ಣ ತೂತಿನಲ್ಲಿ ತಂತಿ ಹಾಯುತ್ತದೆ. ಮೇಲಿನಿಂದ ಒತ್ತಿದಾಗ ರಬ್ಬರು ಉಬ್ಬಿ ತಂತಿಯನ್ನು ಅಪ್ಪಿಕೊಳ್ಳುತ್ತದೆ. ಈ ಒತ್ತುವಿಕೆಯನ್ನು ಈಗ ನೆಲದ ಮೇಲೆ ನಿಂತೇ ಕೈಪಂಪಿನಿಂದ, ಹೈಡ್ರಾಲಿಕ್ ಹೋಸಿನ ಮೂಲಕ ಕೊಡುತ್ತಾರೆ. ಅತಿಯಾಗಿ ಒತ್ತಿದರೆ ತಂತಿ ಇಳಿಯುವುದೇ ಇಲ್ಲ. ಇಳಿದರೂ ರಬ್ಬರು ಬೇಗ ಸವೆಯುತ್ತದೆ ಮತ್ತು ತೂಕದ ಗೇಜಿನಲ್ಲಿ ಕಾಣುವ ಅಂಕಿ ಬಾವಿಯ ಆಳದ ಸ್ಥಿತಿಯನ್ನು ಹೇಳದೆ ಈ ತಿಕ್ಕಾಟವನ್ನು ಹೇಳತೊಡಗುತ್ತದೆ. ಆದ್ದರಿಂದ ಅನುಭವಿ ಆಪರೇಟರ್ ಸ್ವಲ್ಪ ಜಿನುಗನ್ನು ಸಹಿಸುತ್ತಾರೆ. ಪಂಪಿನ ಗ್ಲ್ಯಾಂಡಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಅಲ್ಲಿ ಬೀಳುವುದು ನೀರು, ಇಲ್ಲಿ ಹೊರಬರುವುದು ಹೊತ್ತಿಕೊಳ್ಳುವ ಅನಿಲ. ಹಾಗಾಗಿ ಆ ಸಹನೆಗೆ ಮಿತಿ ಬಹಳ ಕಡಿಮೆ.

ಸ್ಟಫಿಂಗ್ ಬಾಕ್ಸಿನೊಳಗೆ ಹೊರಗೆ ಕಾಣದ ಇನ್ನೊಂದು ಭಾಗವಿದೆ. ಅದೊಂದು ಸಣ್ಣ ಪ್ಲಂಜರ್. ತಂತಿ ತುಂಡಾಗಿ ರಬ್ಬರಿನ ತೂತಿನಿಂದ ಹಾರಿಹೋದರೆ ಆ ತೂತು ಬರಿದಾಗಿ ಬಾವಿ ನೇರವಾಗಿ ಆಕಾಶಕ್ಕೆ ತೆರೆದುಕೊಳ್ಳುತ್ತದೆ. ಆಗ ಮೇಲಕ್ಕೆ ನುಗ್ಗುವ ಅನಿಲವೇ ಈ ಪ್ಲಂಜರನ್ನು ತಳ್ಳಿಕೊಂಡು ಹೋಗಿ ತೂತಿಗೆ ಅಡ್ಡ ಕೂರಿಸುತ್ತದೆ. ಬಾವಿಯ ಬಲವನ್ನೇ ಬಾವಿಯ ವಿರುದ್ಧ ಬಳಸುವ ಈ ಉಪಾಯವನ್ನು ನೀವು ಈ ಸಲಕರಣೆಯಲ್ಲಿ ಹಲವು ಕಡೆ ಕಾಣುತ್ತೀರಿ. ಪ್ರತಿ ಕೆಲಸಕ್ಕೆ ಮೊದಲು ಸ್ಟಫಿಂಗ್ ಬಾಕ್ಸ್ ಬಿಚ್ಚಿ ರಬ್ಬರು ಬದಲಿಸುವಾಗ ಆ ಪ್ಲಂಜರ್ ಸರಾಗವಾಗಿ ಆಡುತ್ತದೆಯೇ, ಅದರ ಅಂಚು ಸವೆದಿದೆಯೇ ಎಂದು ಬೆರಳಿನಲ್ಲಿ ಸವರಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಒತ್ತಡದ ಲೆಕ್ಕಕ್ಕೆ ಬರೋಣ, ಏಕೆಂದರೆ ಅಂಕಿ ಕೈಗೆ ಸಿಕ್ಕರೆ ಭಯಕ್ಕೂ ಒಂದು ಅಳತೆ ಸಿಗುತ್ತದೆ. 5,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 350 ಕೆಜಿ. ಸ್ಲಿಕ್‌ಲೈನ್ ಎನ್ನುವ ಒಂಟಿ ಎಳೆಯ ತಂತಿ 0.108 ಇಂಚು, ಅಂದರೆ 2.74 ಮಿಲಿಮೀಟರ್ ದಪ್ಪವಿದ್ದರೆ, ಆ ಒತ್ತಡ ಅದನ್ನು ಸುಮಾರು 21 ಕೆಜಿ ಬಲದಿಂದ ಹೊರಕ್ಕೆ ತಳ್ಳುತ್ತದೆ. 0.125 ಇಂಚಿನ ತಂತಿಯಾದರೆ ಆ ಬಲ ಸುಮಾರು 28 ಕೆಜಿ. ಬಾವಿಯೊಳಗಿನ ಸ್ಥಿತಿಯನ್ನು ಅಳೆದು ದಾಖಲಿಸುವ ಲಾಗಿಂಗ್ ಕೆಲಸಕ್ಕೆ ಬಳಸುವ 5/16 ಇಂಚಿನ ಹೆಣೆದ ಕೇಬಲ್ ಆದರೆ ಅದೇ ಬಾವಿ ಸುಮಾರು 173 ಕೆಜಿ ಬಲದಿಂದ ತಳ್ಳುತ್ತದೆ. ತಂತಿಯ ತುದಿಗೆ ಕಟ್ಟಿದ ಸಲಕರಣೆಯ ತೂಕ ಈ ಬಲವನ್ನೂ ರಬ್ಬರಿನ ತಿಕ್ಕಾಟವನ್ನೂ ಮೀರಿದಾಗಲೇ ತಂತಿ ಕೆಳಗಿಳಿಯುವುದು. ಒಂದೂವರೆ ಇಂಚು ದಪ್ಪದ ಉಕ್ಕಿನ ಸರಳು ಮೀಟರಿಗೆ ಸುಮಾರು 9 ಕೆಜಿ ತೂಗುತ್ತದೆ. 173 ಕೆಜಿಯನ್ನು ಬರೀ ಉಕ್ಕಿನಿಂದ ಹೊಂದಿಸಹೊರಟರೆ ಹತ್ತೊಂಬತ್ತು ಮೀಟರ್ ಸರಳು ಬೇಕಾಗುತ್ತದೆ. ಉಕ್ಕಿನ ಎರಡು ಪಟ್ಟಿಗೂ ಹೆಚ್ಚು ಸಾಂದ್ರವಾದ ಟಂಗ್‌ಸ್ಟನ್ ಸರಳುಗಳನ್ನು ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಸರಳು ಉದ್ದವಾದರೆ ಏನು ತೊಂದರೆ ಎಂದು ಕೇಳಬಹುದು. ಅಲ್ಲಿಗೇ ಲೂಬ್ರಿಕೇಟರಿನ ವಿಷಯ ಬರುತ್ತದೆ. ಬಾವಿಯ ಬಾಯಿಗೆ ಕೂರಿಸಿದ ವಾಲ್ವುಗಳ ಗೊಂಚಲಾದ ಕ್ರಿಸ್‌ಮಸ್ ಟ್ರೀ ಮೇಲೆ ಸೆಟೆದು ನಿಲ್ಲಿಸುವ ಆ ಕೊಳವೆಗಳ ಸಾಲು ಒಂದು ಕೋಣೆ ಇದ್ದ ಹಾಗೆ. ಸಲಕರಣೆಯನ್ನು ಅದರೊಳಗೆ ಎಳೆದುಕೊಂಡು, ಕೆಳಗೆ ಟ್ರೀಯ ತುದಿಯಲ್ಲಿರುವ ಸ್ವಾಬ್ ವಾಲ್ವನ್ನು ಮುಚ್ಚಿ, ಒಳಗಿನ ಒತ್ತಡವನ್ನು ಹೊರಬಿಟ್ಟ ಮೇಲೆಯೇ ಕೋಣೆ ಬಿಚ್ಚಬಹುದು. ಆದ್ದರಿಂದ ಲೂಬ್ರಿಕೇಟರ್ ಇಡೀ ಸಲಕರಣೆಗಿಂತ ಉದ್ದವಿರಬೇಕು. ಬಾವಿಯೊಳಗಿಂದ ಪ್ಲಗ್ಗೊಂದನ್ನು ಕಿತ್ತು ತರುವ ಕೆಲಸವಾದರೆ ಆ ಪ್ಲಗ್ಗಿನ ಉದ್ದವನ್ನೂ ಅದಕ್ಕೆ ಸೇರಿಸಬೇಕು. ಹೋಗುವಾಗಿನ ಉದ್ದವನ್ನಷ್ಟೇ ಅಳೆದು, ಬರುವಾಗ ಜೊತೆಗೆ ಬರುವುದರ ಉದ್ದವನ್ನು ಮರೆತು, ವಾಲ್ವ್ ಮುಚ್ಚಲಾಗದೆ ಪೇಚಾಡಿದ ತಂಡಗಳನ್ನು ನಾನು ಕಂಡಿದ್ದೇನೆ.

ಲೂಬ್ರಿಕೇಟರಿನ ಒಳವ್ಯಾಸ 3 ಇಂಚು ಎಂದಿಟ್ಟುಕೊಳ್ಳಿ. ಅದೇ 350 ಕೆಜಿ ಒತ್ತಡಕ್ಕೆ ಅದರ ಮೇಲ್ತುದಿಯನ್ನು ಕಿತ್ತೆಸೆಯಲು ನೋಡುವ ಬಲ ಸುಮಾರು 16 ಟನ್. ಮುಧೋಳದ ಕಡೆ ಕಾರ್ಖಾನೆಗೆ ಸಾಲುಗಟ್ಟಿ ನಿಲ್ಲುವ ಕಬ್ಬಿನ ಲಾರಿಯೊಂದರ ಭಾರಕ್ಕೆ ಇದು ಹತ್ತಿರ. ಅಷ್ಟೂ ಬಲವನ್ನು ಹಿಡಿದಿಡುವುದು ಯೂನಿಯನ್ ಎನ್ನುವ ಜೋಡಣೆಯ ಅಗಲ ಹಲ್ಲಿನ ಆಕ್ಮಿ ಥ್ರೆಡ್. ಅನಿಲ ಸೋರದಂತೆ ತಡೆಯುವುದು ಅದರೊಳಗಿನ ಒಂದು ಓ-ರಿಂಗ್. ಇವೆರಡೂ ಬೇರೆಬೇರೆ ಕೆಲಸ ಎಂಬುದನ್ನು ಗಮನಿಸಿ. ಯೂನಿಯನ್ನಿನ ಕಾಲರನ್ನು ಬಿಗಿದಷ್ಟೂ ಸೋರಿಕೆ ನಿಲ್ಲುತ್ತದೆ ಎಂಬುದು ನಲ್ಲಿ ರಿಪೇರಿಯ ಬುದ್ಧಿ. ಇಲ್ಲಿ ಕಾಲರನ್ನು ಕೈಯಿಂದ ತಿರುಗಿಸಿ ಕೂರಿಸಿದರೆ ಸಾಕು, ಓ-ರಿಂಗನ್ನು ಅದರ ಗೂಡಿನ ಗೋಡೆಗೆ ಒತ್ತಿ ಹಿಡಿಯುವ ಕೆಲಸವನ್ನು ಒಳಗಿನ ಒತ್ತಡವೇ ಮಾಡುತ್ತದೆ.

ಇದರಿಂದಲೇ ಒಂದು ಪರೀಕ್ಷೆ ಹುಟ್ಟುತ್ತದೆ, ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಒಳಗೆ ಒತ್ತಡವಿದ್ದರೆ ಥ್ರೆಡ್ಡಿನ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿದು ಕಾಲರ್ ಕೈಗೆ ತಿರುಗುವುದಿಲ್ಲ. ಒತ್ತಡವಿಲ್ಲದಿದ್ದರೆ ತಿರುಗುತ್ತದೆ. ಬಿಚ್ಚುವಾಗ ಕಾಲರ್ ತಿರುಗಲಿಲ್ಲವೆಂದರೆ ಅದು ತುಕ್ಕು ಹಿಡಿದಿದೆ ಎಂದು ಭಾವಿಸಿ ಸುತ್ತಿಗೆಗೆ ಕೈ ಹಾಕಬೇಡಿ.

ಇದನ್ನು ನಾನು ಕಲಿತದ್ದು ನೀವು ಈಗಿರುವ ಗುಜರಾತಿನಲ್ಲೇ, ಮೇಣದ ಅಂಶ ಹೆಚ್ಚಿದ್ದ ಬಾವಿಯೊಂದರಲ್ಲಿ. ತೈಲ ಮೇಲೆ ಬರುವ ಕೊಳವೆಯಾದ ಟ್ಯೂಬಿಂಗಿನ ಒಳಗೋಡೆಗೆ ಕಟ್ಟಿದ ಮೇಣವನ್ನು ಸ್ಲಿಕ್‌ಲೈನಿನಿಂದ ಕೆರೆದು ತೆಗೆಯುವ ಕೆಲಸ, ಜನವರಿಯ ಬೆಳಗಿನ ಚಳಿ. ಸಲಕರಣೆ ಮೇಲೆ ಬಂತು, ಸ್ವಾಬ್ ವಾಲ್ವ್ ಮುಚ್ಚಿದೆವು, ಒತ್ತಡ ಹೊರಬಿಡುವ ಬ್ಲೀಡ್ ವಾಲ್ವ್ ತೆರೆದೆವು. ಹೋಸಿನಿಂದ ಒಂದಿಷ್ಟು ಅನಿಲ ಬುಸುಗುಟ್ಟಿ ನಿಂತಿತು, ಗೇಜಿನ ಮುಳ್ಳು ಸೊನ್ನೆಗೆ ಬಂತು. ಯೂನಿಯನ್ ಮಾತ್ರ ಅಲುಗಲಿಲ್ಲ. ನಾನು ಆಗ ನಿಮ್ಮ ವಯಸ್ಸಿನವನು. ಸುತ್ತಿಗೆ ಎತ್ತಿದ್ದೆ. ಕ್ರೇನಿನ ಪಕ್ಕದಲ್ಲಿ ನಿಂತಿದ್ದ ಹಿರಿಯ ಆಪರೇಟರ್ ಕೂಗುತ್ತಾ ಓಡಿಬಂದು ನನ್ನ ತೋಳು ಹಿಡಿದರು. ಆಮೇಲೆ ತಿಳಿದದ್ದೇನೆಂದರೆ, ತಣ್ಣಗಾದ ಮೇಣ ಬ್ಲೀಡ್ ದಾರಿಯನ್ನೂ ಗೇಜಿಗೆ ಹೋಗುವ ಸಣ್ಣ ರಂಧ್ರವನ್ನೂ ಒಟ್ಟಿಗೆ ಮುಚ್ಚಿತ್ತು. ಕೊಳವೆಯೊಳಗೆ ಬಾವಿಯ ಒತ್ತಡ ಬಹುಪಾಲು ಹಾಗೆಯೇ ಉಳಿದಿತ್ತು. ಬಿಸಿನೀರು ಸುರಿದು ದಾರಿ ಬಿಡಿಸಿದಾಗ ಹೋಸು ಹಾವಿನಂತೆ ಹೊರಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಗೇಜು ಸೊನ್ನೆ ತೋರಿಸುವುದು ಒಂದು ಸಾಕ್ಷಿ ಮಾತ್ರ. ಬೇರೊಂದು ಕಡೆಯಿಂದಲೂ ದಾರಿ ತೆರೆದು ನೋಡಬೇಕು, ಕಾಲರ್ ಕೈಗೆ ತಿರುಗಬೇಕು. ಇವು ಮೂರೂ ಒಂದೇ ಮಾತು ಹೇಳಿದಾಗಲೇ ಬಿಚ್ಚಬೇಕು.

ಈಗ ಹೆಣೆದ ಕೇಬಲ್ಲಿನ ಮಾತು. ಒಂಟಿ ತಂತಿಯ ಮೈ ನುಣುಪಾಗಿರುವುದರಿಂದ ರಬ್ಬರು ಅದನ್ನು ಅಪ್ಪಿ ಹಿಡಿಯಬಲ್ಲದು. ಹೆಣೆದ ಕೇಬಲ್ಲಿನ ಎಳೆಗಳ ನಡುವೆ ಸಂದುಗಳಿವೆ. ರಬ್ಬರು ಎಷ್ಟೇ ಒತ್ತಿದರೂ ಅನಿಲ ಆ ಸಂದುಗಳಲ್ಲಿ ನುಸುಳಿಕೊಂಡು ಮೇಲೇರುತ್ತದೆ. ಅದಕ್ಕಾಗಿ ಸ್ಟಫಿಂಗ್ ಬಾಕ್ಸಿನ ಜಾಗದಲ್ಲಿ ಗ್ರೀಸ್ ಹೆಡ್ ಕೂರಿಸುತ್ತಾರೆ. ಇದರಲ್ಲಿ ಕೇಬಲ್ಲಿಗಿಂತ ಕೂದಲೆಳೆಯಷ್ಟು ದೊಡ್ಡ ಒಳವ್ಯಾಸದ ಫ್ಲೋ ಟ್ಯೂಬುಗಳು ಒಂದರ ಮೇಲೊಂದು ಇರುತ್ತವೆ. ಅವುಗಳೊಳಗೆ ಬಾವಿಯ ಒತ್ತಡಕ್ಕಿಂತ ಸಾಮಾನ್ಯವಾಗಿ ಶೇಕಡಾ 20ರಷ್ಟು ಹೆಚ್ಚು ಒತ್ತಡದಲ್ಲಿ ಮಂದವಾದ ಗ್ರೀಸನ್ನು ತುಂಬುತ್ತಲೇ ಇರುತ್ತಾರೆ. ಬಾವಿಯ ಬಾಯಲ್ಲಿ ಚದರ ಸೆಂಟಿಮೀಟರಿಗೆ 200 ಕೆಜಿ ಒತ್ತಡ ಇದ್ದರೆ ಗ್ರೀಸ್ ಸುಮಾರು 240 ಕೆಜಿಯಲ್ಲಿ ಹೋಗಬೇಕು. ಆ ಕಿರಿದಾದ ಸಂದಿಯಲ್ಲಿ ಮಂದ ಗ್ರೀಸ್ ತಾನೇ ಮುಚ್ಚಿಗೆಯಾಗುತ್ತದೆ, ಎಳೆಗಳ ನಡುವಿನ ಸಂದನ್ನೂ ತುಂಬುತ್ತದೆ. ಮೇಲಕ್ಕೆ ಹೋಗುತ್ತ ಹೋಗುತ್ತ ಒತ್ತಡ ಕ್ರಮೇಣ ಕಡಿಮೆಯಾಗಿ ತುದಿಯಲ್ಲಿ ಹೆಚ್ಚಾದ ಗ್ರೀಸ್ ಹೊರ ಹೋಸಿನಿಂದ ಡಬ್ಬಿಗೆ ಬೀಳುತ್ತದೆ.

ಈ ಇಡೀ ವ್ಯವಸ್ಥೆ ನಿಂತಿರುವುದು ಕೇಬಲ್ ಮತ್ತು ಫ್ಲೋ ಟ್ಯೂಬಿನ ನಡುವಿನ ಸಂದಿನ ಮೇಲೆ. ಒಟ್ಟು ವ್ಯಾಸದಲ್ಲಿ ಅದು 0.1ರಿಂದ 0.15 ಮಿಲಿಮೀಟರ್ ಇದ್ದರೆ ಚೆನ್ನ. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳನ್ನು ತಿರುಗಿಸುವ ಹುಡುಗರು ದಿನವೂ ಮೈಕ್ರೋಮೀಟರ್ ಹಿಡಿದು ಇದಕ್ಕಿಂತ ಕಿರಿದಾದ ಅಳತೆಯನ್ನು ನೋಡುತ್ತಾರೆ. ನೀವೂ ಅದೇ ಮೈಕ್ರೋಮೀಟರನ್ನು ಕೇಬಲ್ಲಿನ ಮೇಲೆ ಹಲವು ಕಡೆ ಇಟ್ಟು ಅಳೆಯಬೇಕು, ಏಕೆಂದರೆ ಹೊಸದಾಗಿದ್ದಾಗ ಕೇಬಲ್ಲಿನ ಮೇಲೆ ಬರೆದಿದ್ದ ವ್ಯಾಸ ನೂರು ಬಾರಿ ಇಳಿದು ಹತ್ತಿದ ಕೇಬಲ್ಲಿಗೆ ಉಳಿದಿರುವುದಿಲ್ಲ. ಸವೆದ ಕೇಬಲ್ಲಿಗೆ ಹಳೆಯ ಟ್ಯೂಬನ್ನೇ ಹಾಕಿದರೆ ಗ್ರೀಸ್ ಸುರಿದು ಹೋಗುತ್ತದೆ, ಅದರ ಬೆನ್ನಿಗೆ ಅನಿಲ ಬರುತ್ತದೆ. ಬೇಸಿಗೆಯಲ್ಲಿ ಗ್ರೀಸ್ ತೆಳುವಾಗುವುದರಿಂದ ಮಂದವಾದ ಗ್ರೀಸ್ ಬೇಕು. ಕೇಬಲ್ಲನ್ನು ವೇಗವಾಗಿ ಎಳೆದರೆ ಅದು ಗ್ರೀಸನ್ನು ಮೈಗೆ ಮೆತ್ತಿಕೊಂಡು ಹೊರಗೊಯ್ಯುತ್ತದೆ. ಗ್ರೀಸ್ ಪಂಪಿಗೆ ಗಾಳಿ ಕೊಡುವ ಕಂಪ್ರೆಸರ್ ನಿಂತರೆ ಕ್ಷಣಗಳಲ್ಲಿ ಮುಚ್ಚಿಗೆ ಇಲ್ಲವಾಗುತ್ತದೆ. ಆಗ ವಿಂಚ್ ನಿಲ್ಲಿಸಿ, ಗ್ರೀಸ್ ಹೆಡ್ಡಿನ ತುದಿಯ ಪ್ಯಾಕ್‌ಆಫ್ ರಬ್ಬರನ್ನು ಕೈಪಂಪಿನಿಂದ ಬಿಗಿದು, ಅದು ಸಾಲದಿದ್ದರೆ ಬಿಓಪಿ (ಬ್ಲೋಔಟ್ ಪ್ರಿವೆಂಟರ್, ಅಂದರೆ ಬಾವಿ ಸಿಡಿಯದಂತೆ ತಡೆಯುವ ಸಾಧನ) ಮುಚ್ಚಬೇಕು. ಸ್ಟಫಿಂಗ್ ಬಾಕ್ಸಿನ ಪ್ಲಂಜರ್ ಮಾಡುವ ಕೆಲಸಕ್ಕೆ ಇಲ್ಲಿ ಕೆಳಗೊಂದು ಉಕ್ಕಿನ ಗುಂಡು ಇರುತ್ತದೆ. ಕೇಬಲ್ ಹಾರಿಹೋದರೆ ಹರಿವು ಆ ಗುಂಡನ್ನೆತ್ತಿ ತೂತಿಗೆ ಕೂರಿಸುತ್ತದೆ.

ವೈರ್‌ಲೈನ್ ಬಿಓಪಿಯೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ. ಅದು ಲೂಬ್ರಿಕೇಟರಿನ ಬುಡದಲ್ಲಿ, ಟ್ರೀಗೆ ಹತ್ತಿರವಾಗಿ ಕೂರುತ್ತದೆ. ಎದುರುಬದುರಾಗಿ ಬರುವ ಎರಡು ಉಕ್ಕಿನ ದಿಮ್ಮಿಗಳ, ಅಂದರೆ ರ‍್ಯಾಮುಗಳ ಮುಂಭಾಗದ ರಬ್ಬರು ನಿಂತ ತಂತಿಯನ್ನು ನಡುವೆ ಹಿಡಿದು ಮುಚ್ಚಿಕೊಳ್ಳುತ್ತದೆ. ಕೆಳಗಿನ ಒತ್ತಡ ರ‍್ಯಾಮುಗಳ ಬೆನ್ನಿಗೆ ಹೋಗಿ ಅವನ್ನು ಇನ್ನಷ್ಟು ಒತ್ತುತ್ತದೆ. ಒಂಟಿ ತಂತಿಗೆ ಒಂದು ಜೊತೆ ರ‍್ಯಾಮು ಮುಚ್ಚಬಲ್ಲದು. ಹೆಣೆದ ಕೇಬಲ್ಲಿಗೆ ಎರಡು ಜೊತೆ ಬೇಕೇ ಬೇಕು. ಮೊದಲೇ ಹೇಳಿದ ಸಂದುಗಳು ರ‍್ಯಾಮಿನ ರಬ್ಬರಿಗೂ ಸಿಗುವುದಿಲ್ಲವಾದ್ದರಿಂದ ಎರಡು ಜೊತೆಗಳ ನಡುವೆ ಗ್ರೀಸ್ ತುಂಬಿ ಆ ಸಂದುಗಳನ್ನು ಮುಚ್ಚಬೇಕು. ಆ ಗ್ರೀಸಿನ ಒತ್ತಡ ಬಾವಿಗಿಂತ ಹೆಚ್ಚಿರಬೇಕು, ಹಾಗಿದ್ದರೆ ಅದು ಕೆಳಗಿನ ರ‍್ಯಾಮನ್ನು ಮೇಲಿನಿಂದ ತಳ್ಳುತ್ತದೆ. ಆದ್ದರಿಂದ ಕೆಳಗಿನ ಜೊತೆಯನ್ನು ತಲೆಕೆಳಗಾಗಿ ಕೂರಿಸಿರುತ್ತಾರೆ. ಅದನ್ನು ಮೊದಲ ಬಾರಿ ಕಂಡ ಹೊಸಬರು ಯಾರೋ ತಪ್ಪಾಗಿ ಜೋಡಿಸಿದ್ದಾರೆಂದು ಸರಿಪಡಿಸಲು ಹೋಗುವುದುಂಟು. ಅದು ತಪ್ಪಲ್ಲ, ಹಾಗೆಯೇ ಇರಬೇಕು.

ಬಿಓಪಿಯ ಬಗ್ಗೆ ಮೂರು ಮಾತು. ತಂತಿ ಚಲಿಸುತ್ತಿರುವಾಗ ರ‍್ಯಾಮು ಮುಚ್ಚಬಾರದು, ಮುಚ್ಚಿದ ಮೇಲೆ ತಂತಿ ಎಳೆಯಬಾರದು. ಕೈಯಿಂದ ಮುಚ್ಚುವ ಬಿಓಪಿಯಾದರೆ ಎರಡೂ ಬದಿಯ ಹಿಡಿಗಳನ್ನು ಇಬ್ಬರು ಸಮನಾಗಿ ತಿರುಗಿಸಬೇಕು. ಹೈಡ್ರಾಲಿಕ್ ಆದರೂ ಮುಚ್ಚಿದ ನಂತರ ಕೈಹಿಡಿಗಳನ್ನು ತಿರುಗಿಸಿ ಬೀಗ ಹಾಕಬೇಕು. ಇನ್ನು ತೆರೆಯುವ ಮೊದಲು ಈಕ್ವಲೈಸಿಂಗ್ ವಾಲ್ವ್ ಮೂಲಕ ಮೇಲಿನ ಮತ್ತು ಕೆಳಗಿನ ಒತ್ತಡವನ್ನು ಸಮ ಮಾಡಿಕೊಳ್ಳಲೇಬೇಕು. ಸಮ ಮಾಡದೆ ತೆರೆದರೆ ಕೆಳಗಿನ ಅನಿಲ ಒಮ್ಮೆಲೇ ನುಗ್ಗಿ ರಬ್ಬರನ್ನು ಹರಿಯುತ್ತದೆ, ಸಲಕರಣೆಯನ್ನು ಮೇಲಕ್ಕೆ ಎಸೆಯುತ್ತದೆ. ಎಸೆಯಲ್ಪಟ್ಟ ಸಲಕರಣೆ ಸ್ಟಫಿಂಗ್ ಬಾಕ್ಸಿಗೆ ಬಡಿದರೆ ತಂತಿ ಕಟ್ಟಿದ ರೋಪ್ ಸಾಕೆಟ್ಟಿನಲ್ಲಿ ತಂತಿ ಕತ್ತರಿಸಿ ಇಡೀ ಸಲಕರಣೆ ಬಾವಿಯ ಆಳಕ್ಕೆ ಹೋಗುತ್ತದೆ. ಸ್ವಾಬ್ ವಾಲ್ವನ್ನು ಮೊದಲ ಬಾರಿ ತೆರೆಯುವಾಗಲೂ ಇದೇ ನಿಯಮ, ಅನಿಲದ ಸದ್ದು ಕೇಳುತ್ತ ಸ್ವಲ್ಪಸ್ವಲ್ಪವಾಗಿ ತೆರೆಯಬೇಕು.

ಬಿಓಪಿಯೂ ಹಿಡಿಯದಿದ್ದರೆ ಉಳಿಯುವುದು ತಂತಿಯನ್ನು ಕತ್ತರಿಸಿ ಮುಚ್ಚುವ ದಾರಿ. ಕೆಲವು ಕಡೆ ಅದಕ್ಕೆಂದೇ ಟ್ರೀಯ ಮೇಲೆ ಶಿಯರ್ ಸೀಲ್ ಇರುತ್ತದೆ, ಕೆಲವು ಕಡೆ ತಂತಿ ಕತ್ತರಿಸಬಲ್ಲ ಹೈಡ್ರಾಲಿಕ್ ಮಾಸ್ಟರ್ ವಾಲ್ವ್ ಇರುತ್ತದೆ. ಅದನ್ನು ಬಳಸಿದರೆ ಸಲಕರಣೆ ಬಾವಿಯ ಪಾಲಾಗಿ ಅದನ್ನು ತೆಗೆಯಲು ದಿನಗಳು ಹಿಡಿಯುತ್ತವೆ, ಆದರೂ ಬಳಸಬೇಕಾದ ಘಳಿಗೆಯಲ್ಲಿ ಹಿಂಜರಿಯಬಾರದು. 1995ರ ಜನವರಿಯಲ್ಲಿ ಆಂಧ್ರದ ಪಾಸರ್ಲಪೂಡಿಯಲ್ಲಿ ಸಿಡಿದ ಬಾವಿಯನ್ನು ಹಿಡಿತಕ್ಕೆ ತರಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಅಸ್ಸಾಮಿನ ಬಾಗ್‌ಜಾನಿನಲ್ಲಿ 2020ರ ಮೇ 27ರಂದು ಸಿಡಿದ ಬಾವಿ ಜೂನ್ 9ರಂದು ಹೊತ್ತಿಕೊಂಡು ನವೆಂಬರ್ ತಿಂಗಳವರೆಗೆ ಉರಿಯಿತು. ಮೊದಲನೆಯದು ಕೊರೆಯುವ ಹಂತದ, ಎರಡನೆಯದು ಬಾವಿ ದುರಸ್ತಿಯ ಸಮಯದ ಘಟನೆ, ವೈರ್‌ಲೈನಿನದಲ್ಲ. ಆದರೆ ಬಾಯಿ ತೆರೆದ ಬಾವಿ ಅದನ್ನು ತೆರೆದ ಕೆಲಸ ಯಾವುದೆಂದು ನೋಡುವುದಿಲ್ಲ.

ಕೆಲಸಕ್ಕೆ ಮೊದಲಿನ ಒತ್ತಡ ಪರೀಕ್ಷೆಯನ್ನು ಅನೇಕರು ಕಾಗದಕ್ಕಾಗಿ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ದಿನದ ಕೆಲಸದಲ್ಲಿ ಅದೇ ಮುಖ್ಯ ಭಾಗ. ನೀರು ಅಥವಾ ಗ್ಲೈಕಾಲ್ ಬೆರೆಸಿದ ನೀರನ್ನು ತುಂಬಿ, ಒಳಗಿನ ಗಾಳಿಯನ್ನು ಪೂರ್ತಿ ಹೊರಬಿಟ್ಟು, ಮೊದಲು 200ರಿಂದ 300 ಪಿಎಸ್‌ಐನಷ್ಟು ಕಡಿಮೆ ಒತ್ತಡದಲ್ಲಿ ನೋಡಬೇಕು. ಓ-ರಿಂಗಿಗೆ ಒತ್ತಡವೇ ಬಲ ಕೊಡುವುದರಿಂದ ಗೀರು ಬಿದ್ದ ರಿಂಗು ಹೆಚ್ಚಿನ ಒತ್ತಡದಲ್ಲಿ ಹಿಡಿದು ಕಡಿಮೆ ಒತ್ತಡದಲ್ಲಿ ಸೋರುವುದುಂಟು. ಆಮೇಲೆ ಬಾವಿಯ ಬಾಯಲ್ಲಿ ಬರಬಹುದಾದ ಅತಿ ಹೆಚ್ಚಿನ ಒತ್ತಡಕ್ಕಿಂತ ತುಸು ಮೇಲಕ್ಕೆ, ಆದರೆ ಸಲಕರಣೆಯ ಮೇಲೆ ಕೆತ್ತಿದ ಮಿತಿಯನ್ನು ಮೀರದಂತೆ ಏರಿಸಿ ಹಿಡಿದು ನೋಡಬೇಕು. ಗಾಳಿ ಉಳಿದರೆ ಅದು ಸ್ಪ್ರಿಂಗಿನಂತೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಏನಾದರೂ ಒಡೆದರೆ ನೀರು ಚಿಮ್ಮಿ ನಿಲ್ಲುತ್ತದೆ, ಗಾಳಿಯಾದರೆ ಚೂರುಗಳನ್ನು ಎಸೆಯುತ್ತದೆ. ಅನಿಲದ ಬಾವಿಯಲ್ಲಿ ಬಳಸಿದ ಓ-ರಿಂಗುಗಳನ್ನು ಮತ್ತೆ ಹಾಕಬೇಡಿ. ಒತ್ತಡದಲ್ಲಿ ಅನಿಲ ರಬ್ಬರಿನೊಳಗೆ ಸೇರಿಕೊಂಡು, ಒತ್ತಡ ಇಳಿಸಿದಾಗ ಗುಳ್ಳೆಯಾಗಿ ಒಳಗಿನಿಂದಲೇ ಸೀಳುತ್ತದೆ. ಹೈಡ್ರೋಜನ್ ಸಲ್ಫೈಡ್ ಇರುವ ಬಾವಿಯಾದರೆ ಸಾಮಾನ್ಯ ತಂತಿ ಮತ್ತು ಗಟ್ಟಿ ಉಕ್ಕು ಬೆಂಡಿನಂತೆ ಮುರಿಯುತ್ತದೆ, ಅದಕ್ಕೆ ಬೇರೆಯೇ ಮಿಶ್ರಲೋಹದ ತಂತಿಯೂ ಅದಕ್ಕೆಂದೇ ಗುರುತು ಹಾಕಿದ ಸಲಕರಣೆಯೂ ಬೇಕು.

ಕೊನೆಗೆ ನಿಮ್ಮ ಎರಡನೆಯ ಪ್ರಶ್ನೆ. ಸ್ವಾಬ್ ವಾಲ್ವ್ ತೆರೆಯುವಾಗ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ಬರೆದಿಡುವುದು ಸಲಕರಣೆ ವಾಪಸ್ ಬಂದ ಮೇಲೆ ಅದೇ ವಾಲ್ವನ್ನು ಮುಚ್ಚುವ ಸಮಯಕ್ಕಾಗಿ. ಸಲಕರಣೆ ಪೂರ್ತಿ ಲೂಬ್ರಿಕೇಟರಿನೊಳಗೆ ಬಂದಿದೆಯೇ ಎಂದು ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಆಳದ ಮೀಟರ್ ಸೊನ್ನೆ ತೋರಿಸಬಹುದು, ಆದರೆ ತಂತಿ ಹಿಗ್ಗಿರಬಹುದು, ಚಕ್ರ ಜಾರಿರಬಹುದು. ಸಲಕರಣೆ ಕೆಳಗೆ ಬೀಳದಂತೆ ತಡೆಯುವ ಟೂಲ್ ಟ್ರ್ಯಾಪ್ ಇದ್ದರೆ ಸಲಕರಣೆಯನ್ನು ನಿಧಾನವಾಗಿ ಕೆಳಗಿಳಿಸಿ, ಅದು ಟ್ರ್ಯಾಪಿನ ನಾಲಿಗೆಯ ಮೇಲೆ ಕೂತು ತೂಕ ಇಳಿದದ್ದನ್ನು ನೋಡಬಹುದು. ಇವೆಲ್ಲದರ ನಂತರ ವಾಲ್ವೇ ಕೊಡುವ ಸಾಕ್ಷಿ ಸುತ್ತಿನ ಲೆಕ್ಕ. ತೆರೆಯುವಾಗ ಇಪ್ಪತ್ತೆರಡು ಸುತ್ತು ತಿರುಗಿದ ವಾಲ್ವ್ ಮುಚ್ಚುವಾಗ ಹದಿನಾಲ್ಕಕ್ಕೇ ಗಟ್ಟಿಯಾಗಿ ನಿಂತರೆ, ಗೇಟಿಗೆ ಅಡ್ಡವಾಗಿ ನಿಮ್ಮ ಸಲಕರಣೆಯೋ ತಂತಿಯೋ ಇದೆ. ಆಗ ಚಕ್ರಕ್ಕೆ ಪೈಪು ಸಿಕ್ಕಿಸಿ ಒತ್ತಾಯ ಮಾಡಬೇಡಿ. ವಾಲ್ವನ್ನು ಪೂರ್ತಿ ಹಿಂದಕ್ಕೆ ತೆರೆದು, ಆಪರೇಟರಿಗೆ ಕೂಗಿ ಹೇಳಿ, ಅವರು ತಂತಿಯನ್ನು ಇನ್ನಷ್ಟು ಎಳೆದುಕೊಂಡ ಮೇಲೆ ಒಂದರಿಂದ ಮತ್ತೆ ಗಟ್ಟಿಯಾಗಿ ಎಣಿಸಿ. ಸುತ್ತಮುತ್ತ ಎಂಜಿನ್ನುಗಳ ಸದ್ದಿರುತ್ತದೆ, ವಾಲ್ವಿನ ಚಕ್ರ ನಿಮ್ಮ ಕೈಯಲ್ಲಿರುತ್ತದೆ, ವಿಂಚ್ ಅವರ ಕೈಯಲ್ಲಿರುತ್ತದೆ. ನಿಮ್ಮ ಎಣಿಕೆ ಅವರ ಕಿವಿಗೆ ಬೀಳಬೇಕಾದದ್ದು ಅದಕ್ಕಾಗಿ.